ಸೊನ್ನಲಿಗೆಯ ಕೆರೆ ಮತ್ತು ಮಹಾಮನೆಯ ಬಾಗಿಲು

ಕಳೆದ ಶ್ರಾವಣಮಾಸದಲ್ಲಿ ಕುರುಗೋಡಿನಲ್ಲಿ ನಡೆದ ಪುರಾಣ ಪ್ರವಚನದಲ್ಲಿ ಚಾಮರಸನ ಪ್ರಭುಲಿಂಗಲೀಲೆಯನ್ನು ಹೇಳುವ ಸುಯೋಗ ನಮಗೆ ಒದಗಿತ್ತು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಹಂಗಿಸುವ ಪ್ರಸಂಗ ಅಂದಿನ ಪಾಠವಾಗಿತ್ತು. ಮಂಗಳವಾಗಿ ಜನ ಎದ್ದು ಹೋಗುತ್ತಿರುವಾಗ ಸಿರುಗುಪ್ಪದ ಕಡೆಯ ರೈತರೊಬ್ಬರು ಹತ್ತಿರ ಬಂದು ಕೈಮುಗಿದು, “ಕೆರೆ ತೋಡಿದವರಿಗೇ ಬೈಗಳು ಬಿದ್ದ ಮೇಲೆ, ದಾಸೋಹಕ್ಕೆ ಎರಡು ಚೀಲ ನೆಲ್ಲು ಕೊಟ್ಟ ನಮ್ಮ ಗತಿ ಏನು ಬುದ್ಧಿ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ನಗೆಯೊಡನೆ ಮುಗಿಯುವಂಥದಾಗಿರಲಿಲ್ಲ. ಮಠದ ಬಿಡಾರಕ್ಕೆ ಬಂದ ಮೇಲೂ ಅದು ನಮ್ಮನ್ನು ಬಿಡಲಿಲ್ಲ. ಈ ಲೇಖನ ಆ ರೈತರಿಗೆ ನಾವು ಅಂದು ಕೊಡಲಾರದೆ ಹೋದ ಉತ್ತರವನ್ನು ಹುಡುಕುವ ಒಂದು ಪ್ರಯತ್ನ.

ಸಿದ್ಧರಾಮರ ಚರಿತ್ರೆಯನ್ನು ಹೇಳುವ ಎರಡು ಪ್ರಮುಖ ಕಾವ್ಯಗಳು ನಮ್ಮ ತುಂಗಭದ್ರೆಯ ದಡಕ್ಕೇ ಸೇರಿದವು ಎಂಬುದನ್ನು ಮೊದಲು ನೆನೆಯಬೇಕು. ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು 13ನೆಯ ಶತಮಾನದಲ್ಲಿ ಸಿದ್ಧರಾಮಚಾರಿತ್ರವನ್ನು ರಚಿಸಿದನು. ಅದಾದ ಸುಮಾರು ಇನ್ನೂರು ವರ್ಷಗಳ ಮೇಲೆ, 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದನು. ಶೂನ್ಯಸಂಪಾದನೆಯ ಮೊದಲ ಸಂಕಲನಕಾರನಾದ ಶಿವಗಣಪ್ರಸಾದಿ ಮಹದೇವಯ್ಯನೂ ಸರಿಸುಮಾರು ಇದೇ ಶತಮಾನದವನು. ಒಬ್ಬನೇ ಮಹಾಪುರುಷ, ಹೆಚ್ಚು ಕಡಿಮೆ ಒಂದೇ ನೆಲ. ಆದರೆ ರಾಘವಾಂಕನ ಸಿದ್ಧರಾಮನಿಗೂ ಚಾಮರಸ ಮತ್ತು ಸಂಪಾದನಕಾರರ ಸಿದ್ಧರಾಮನಿಗೂ ಇರುವ ಅಂತರ ಸಣ್ಣದಲ್ಲ. ರಾಘವಾಂಕನಲ್ಲಿ ಕೆರೆ ಕಟ್ಟುವುದು ಶಿವನ ಅಪ್ಪಣೆ. ಚಾಮರಸನಲ್ಲಿ ಅದೇ ಕೆರೆ ಅಜ್ಞಾನದ ಗುರುತು. ನಮ್ಮ ಪ್ರವಚನಕಾರರು (ನಾವೂ ಆ ಪಂಕ್ತಿಯವರೇ) ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಒಂದರ ಪೂರ್ವಾರ್ಧಕ್ಕೆ ಇನ್ನೊಂದರ ಉತ್ತರಾರ್ಧವನ್ನು ಹೊಲಿದು, ಯಾವ ಹೊಲಿಗೆಯೂ ಕಾಣದಂತೆ ನಡೆಸಿಬಿಡುತ್ತೇವೆ. ರೈತರ ಕಣ್ಣಿಗೆ ಆ ಹೊಲಿಗೆ ಕಂಡಿತು.

ರಾಘವಾಂಕನಿಂದ ಆರಂಭಿಸೋಣ. ಸೊನ್ನಲಿಗೆಯ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗ, ಮಾತು ಕಡಮೆಯ ಹುಡುಗ; ಊರವರ ಕಣ್ಣಿಗೆ ಮಂದಮತಿ. ದನಗಳನ್ನು ಕಾಯುತ್ತ ಹೊಲದಲ್ಲಿರುವಾಗ ಒಬ್ಬ ಜಂಗಮನು ಅವನೆದುರು ನಿಲ್ಲುತ್ತಾನೆ. ಹೆಸರು ಮಲ್ಲಯ್ಯ, ಊರು ಶ್ರೀಶೈಲ. ಎಳೆಯ ತೆನೆ ಬೇಕೆನ್ನುತ್ತಾನೆ, ಹುಡುಗ ಕೊಡುತ್ತಾನೆ. ತಿಂದು ಹೊಟ್ಟೆ ಉರಿಯುತ್ತದೆ, ಮಜ್ಜಿಗೆಯ ಅನ್ನ ಬೇಕೆನ್ನುತ್ತಾನೆ. ಹುಡುಗ ಮನೆಗೆ ಓಡುತ್ತಾನೆ, ತಾಯಿ ಕಲಸಿಕೊಟ್ಟ ಅನ್ನವನ್ನು ಹೊತ್ತು ಹೊಲಕ್ಕೆ ಓಡಿ ಬರುತ್ತಾನೆ. ಮಲ್ಲಯ್ಯನಿಲ್ಲ. ಅಲ್ಲಿಂದ ಮುಂದೆ ಹುಡುಗನ ಬಾಯಲ್ಲಿ ಮಲ್ಲಯ್ಯನ ಹೆಸರೊಂದೇ. ಆ ಹೆಸರನ್ನು ಕೂಗುತ್ತ, ಶ್ರೀಶೈಲದ ಯಾತ್ರಿಕರ ಬೆನ್ನುಹತ್ತಿ ಹೋಗುತ್ತಾನೆ. ಅಲ್ಲಿ ಗುಡಿಯಲ್ಲಿ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಒಪ್ಪುವುದಿಲ್ಲ. ತಾನು ಕಂಡ, ಹಸಿದ, ಮಾತನಾಡಿದ ಮಲ್ಲಯ್ಯ ಬೇಕು. ಕೊನೆಗೆ ಕಮರಿಗೆ ಹಾರಲು ಹೊರಟವನ ಕೈಯನ್ನು ಮಲ್ಲಿಕಾರ್ಜುನನು ಹಿಡಿಯುತ್ತಾನೆ. ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಹೇಳಿ ಹಿಂದಕ್ಕೆ ಕಳಿಸುತ್ತಾನೆ. ಗುಡಿ, ಲಿಂಗಸ್ಥಾಪನೆಗಳು, ಕೆರೆ ಎಲ್ಲವೂ ಆ ಅಪ್ಪಣೆಯ ಫಲ.

ಈ ಕಥೆಯ ಬಗ್ಗೆ ವಿದ್ವಾಂಸರು ಬರೆದುದರಲ್ಲಿ ಬಹುಪಾಲು ಬಾಲಕನ ಮುಗ್ಧಭಕ್ತಿಯ ಪ್ರಶಂಸೆ. ಅದು ಸರಿಯೇ. ಆದರೆ ನಮಗೆ ಮುಖ್ಯವೆನಿಸುವುದು ಆ ಮಜ್ಜಿಗೆಯನ್ನ. ತಂದವನ ಕೈಯಲ್ಲಿ ಅನ್ನವಿದೆ, ಉಣ್ಣಬೇಕಾದವನು ಹೋಗಿಬಿಟ್ಟಿದ್ದಾನೆ. ಈಗ ಆ ಅನ್ನವನ್ನು ಏನು ಮಾಡುವುದು? ರಾಘವಾಂಕನು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಕಾವ್ಯದ ಉಳಿದ ಭಾಗವೆಲ್ಲ ಅದಕ್ಕೆ ಉತ್ತರವಾಗಿ ನಿಂತಿದೆ ಎಂಬುದು ನಮ್ಮ ತಿಳುವಳಿಕೆ. ಒಬ್ಬ ಅತಿಥಿಗೆಂದು ತಂದ ಅನ್ನ ಆ ಅತಿಥಿಗೆ ಸಲ್ಲದೆ ಉಳಿದಾಗ, ಅದು ಬರುವ ಎಲ್ಲ ಅತಿಥಿಗಳದಾಗುತ್ತದೆ. ಕೆರೆಯೆಂದರೆ ಸಿದ್ಧರಾಮನು ಹೊತ್ತು ತಂದ ಆ ಬುತ್ತಿಯೇ, ಊರಳತೆಗೆ ಬೆಳೆದದ್ದು. ಭಕ್ತಿ ಮೊದಲು, ಸೇವೆ ಅದರ ಹಿಂದೆ. ಇಲ್ಲಿ ಇವು ಎರಡು ಮಾರ್ಗಗಳಲ್ಲ. ಕಾಣದೆ ಹೋದವನನ್ನು ಹುಡುಕುವ ಕೂಗು ಕೈಗೆ ಇಳಿದರೆ ಕೆಲಸವಾಗುತ್ತದೆ, ಅಷ್ಟೆ.

ಇದು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಉತ್ತರ ಕರ್ನಾಟಕದ ಭಕ್ತರ ತಂಡಗಳು ನಮ್ಮ ಹಳ್ಳಿಗಳನ್ನು ಹಾದು ಹೋಗುತ್ತವೆ. ಬಿಸಿಲಿಗೆ ಹೆಸರಾದ ಬಳ್ಳಾರಿ ಸೀಮೆಯಲ್ಲಿ ದಾರಿಯ ಬದಿಗೆ ಚಪ್ಪರ ಹಾಕಿ, ಮಣ್ಣಿನ ಹರವಿಗಳಲ್ಲಿ ಮಜ್ಜಿಗೆ ತುಂಬಿಟ್ಟು ಕಾಯುವ ಜನ ಇಂದಿಗೂ ಇದ್ದಾರೆ. ಮಲ್ಲಯ್ಯನು ಕೇಳಿದ್ದೂ ಮಜ್ಜಿಗೆಯ ಅನ್ನವನ್ನೇ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆವು. ನೆನಪಿರಬೇಕಾದ ಅಗತ್ಯವೂ ಇಲ್ಲ.

ಇನ್ನು ಚಾಮರಸನಿಗೆ ಬರೋಣ. ಪ್ರಭುಗಳು ಸೊನ್ನಲಿಗೆಗೆ ಬರುತ್ತಾರೆ. ಕೆರೆಯ ಕೆಲಸ ನಡೆದಿದೆ. ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾರೆ. ಗುರುವನ್ನು ಒಡ್ಡನೆಂದ ಮಾತನ್ನು ಕೆಲಸದವರು ಸಹಿಸದೆ ಕಲ್ಲೆಸೆಯುತ್ತಾರೆ. ಕಲ್ಲುಗಳು ಪ್ರಭುವನ್ನು ತಾಗದೆ ಗುಡ್ಡೆಯಾಗಿ ಬೀಳುತ್ತವೆ. ಸುದ್ದಿ ತಿಳಿದು ಬಂದ ಸಿದ್ಧರಾಮನು ಸಿಟ್ಟಿನಿಂದ ಹಣೆಗಣ್ಣನ್ನು ತೆರೆಯುತ್ತಾನೆ. ಆ ಬೆಂಕಿಯೂ ಪ್ರಭುವನ್ನು ಸುಡಲಾರದು. ಆಮೇಲೆ ಸಿದ್ಧರಾಮನು ಸೋತು ನಿಲ್ಲುವುದು, ಸಂವಾದ, ಪ್ರಭುವಿನೊಡನೆ ಕಲ್ಯಾಣದ ಪಯಣ. ರಾಘವಾಂಕನ ಕಾವ್ಯದಲ್ಲಿ ಈ ಪ್ರಸಂಗವೇ ಇಲ್ಲ. ಶೂನ್ಯಸಂಪಾದನೆಯ ಎಲ್ಲ ಪರಿಷ್ಕರಣಗಳಲ್ಲಿಯೂ ಇದು ಸಿದ್ಧರಾಮನ ಬದುಕಿನ ತಿರುವು.

ಸಂಪಾದನಕಾರರ ಕೌಶಲವನ್ನು ಮೆಚ್ಚಬೇಕು. ಬೇರೆ ಬೇರೆ ಸಂದರ್ಭಗಳಲ್ಲಿ ಹೊರಟ ವಚನಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ಅವುಗಳಿಂದಲೇ ನಾಟಕವನ್ನು ಕಟ್ಟಿದ ಪ್ರತಿಭೆ ಅವರದು. ಪ್ರೊ. ಸಂ.ಶಿ. ಭೂಸನೂರಮಠರು ತಮ್ಮ ‘ಶೂನ್ಯಸಂಪಾದನೆಯ ಪರಾಮರ್ಶೆ’ಯಲ್ಲಿ ಈ ಗ್ರಂಥಕ್ಕೆ ಸಲ್ಲಿಸಿದ ಸೇವೆಯನ್ನು, 1972ರಲ್ಲಿ ಅದಕ್ಕೆ ಸಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವವನ್ನು ಮಠಗಳ ಹಳೆಯ ವಿದ್ಯಾರ್ಥಿಗಳು ಬಲ್ಲರು. ಆದರೆ ನಾಟಕ ಕಟ್ಟಿದವರ ಕಾಲವೂ ಆ ನಾಟಕದೊಳಗೆ ಸೇರಿಕೊಂಡಿರುತ್ತದೆ. ಇದನ್ನು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.

‘ಒಡ್ಡ’ ಎಂಬ ಮಾತನ್ನೇ ನೋಡಿರಿ. ಕೆರೆ ತೋಡುವ, ಕಲ್ಲು ಒಡೆಯುವ, ಏರಿ ಕಟ್ಟುವ ಶ್ರಮಜೀವಿಗಳ ಕುಲದ ಹೆಸರದು. ಕಾವ್ಯ ಅದನ್ನು ಬೈಗಳಾಗಿ ಬಳಸುತ್ತದೆ. ಇದಕ್ಕೆ ಸಾಂಪ್ರದಾಯಿಕ ಸಮರ್ಥನೆ ಒಂದಿದೆ: ಪ್ರಭುಗಳು ಪರೀಕ್ಷಿಸಲು ಹಾಗೆಂದರು. ಸಿದ್ಧರಾಮನು ನಿಜವಾಗಿ ಮಲ್ಲಯ್ಯನ ಆಳಾಗಿದ್ದರೆ ‘ಹೌದು, ನಾನು ಒಡ್ಡನೇ’ ಎಂದು ಗುದ್ದಲಿ ಹಿಡಿದುಕೊಂಡೇ ಬರುತ್ತಿದ್ದನು. ಸಿಟ್ಟು ಬಂದದ್ದೇ ಅವನೊಳಗೆ ಉಳಿದ ಒಡೆತನದ ಗುರುತು. ಆಳೆಂದರೆ ನೋಯುವ ಮನಸ್ಸು ಸೇವೆಯಲ್ಲಿಲ್ಲ, ಯಜಮಾನಿಕೆಯಲ್ಲಿದೆ. ಈ ಸಮರ್ಥನೆಯನ್ನು ನಾವು ಒಪ್ಪುತ್ತೇವೆ. ಇದಕ್ಕಿಂತ ಸೂಕ್ಷ್ಮವಾದ ಮನಃಪರೀಕ್ಷೆ ನಮ್ಮ ಪುರಾಣಗಳಲ್ಲಿ ವಿರಳ. ಅತಿಥಿಗೆಂದು ಹೊತ್ತ ಬುತ್ತಿಯಲ್ಲಿ ಅತಿಥಿಯ ನೆನಪು ಹೋಗಿ ಬುತ್ತಿಯ ಭಾರವೊಂದೇ ಉಳಿಯಿತೆಂಬುದನ್ನು ಚಾಮರಸನು ಒಂದೇ ಮಾತಿನ ಇರಿತದಿಂದ ತೋರಿಸಿದ್ದಾನೆ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಆ ಮಾತು ಪರೀಕ್ಷೆಯಾಗಬೇಕಾದರೆ ಅದು ಹೀನವೆಂದು ಲೋಕವೂ ಕವಿಯೂ ಮೊದಲೇ ಒಪ್ಪಿರಬೇಕು. ಕಲ್ಲೆಸೆದವರಾದರೂ ಯಾರು? ನಿಜವಾದ ಒಡ್ಡರು ಅವರೇ. ತಮ್ಮ ಕುಲದ ಹೆಸರನ್ನೇ ಬೈಗಳೆಂದು ಭಾವಿಸಿ, ಗುರುವಿನ ಮಾನಕ್ಕಾಗಿ ಅವರು ಹೋರಾಡಿದರು. ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದಾಗ ಕಾವ್ಯ ಅವನ ಹಿಂದೆ ಹೋಗುತ್ತದೆ. ಏರಿಯ ಮೇಲೆ ನಿಂತವರ ಕಡೆಗೆ ಮರಳಿ ನೋಡುವುದಿಲ್ಲ. ಉಳಿದ ಕೆರೆಯನ್ನು ಮುಗಿಸಿದವರು ಯಾರೆಂದು ಚಾಮರಸನು ಕೇಳುವುದಿಲ್ಲ. ಮಹಾಕವಿಯ ಬಗ್ಗೆ ನಮ್ಮ ದೂರು ಇದೊಂದೇ. ಆದರೆ ಸಣ್ಣ ದೂರಲ್ಲ.

ಕಾಲವು ಈ ದೂರಿಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ. ಇಂದು ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಆರಾಧಿಸುತ್ತಾರೆ. ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ. ಕಾವ್ಯದಲ್ಲಿ ಬೈಗಳಾಗಿ ಬಂದ ಮಾತನ್ನು ಅವರು ಬಂಧುತ್ವದ ಮಾತಾಗಿ ತಿರುಗಿಸಿಕೊಂಡರು. ಗ್ರಂಥವಿಮರ್ಶೆಯಿಂದ ಆಗದ ತಿದ್ದುಪಡಿ ಇದು.

ಚಾಮರಸನ ಕಾಲಕ್ಕೆ ಕೆರೆಕಟ್ಟೆಗಳ ವಿಷಯದಲ್ಲಿ ಈ ಬಿರುಸು ಏಕೆ ಬಂದಿತು? ಇಲ್ಲಿ ನಮ್ಮದು ಒಂದು ಊಹೆ. ಊಹೆಯೆಂದೇ ಓದುಗರು ಸ್ವೀಕರಿಸಬೇಕು. ರಾಘವಾಂಕನ ಕಾಲದ ಕೆರೆ ಊರಿನದು, ಭಕ್ತರದು. ವಿಜಯನಗರದ ಕಾಲಕ್ಕೆ ಕೆರೆ, ಕಾಲುವೆ, ಅಣೆಕಟ್ಟುಗಳು ರಾಜ್ಯದ ವೈಭವದ ಅಂಗವಾಗಿದ್ದವು. ಸಿರುಗುಪ್ಪ, ದೇಶನೂರು, ಕಂಪ್ಲಿಗಳ ಹಳೆಯ ಕಾಲುವೆಗಳು ಆ ಸಾಮ್ರಾಜ್ಯದ ಕೊಡುಗೆಗಳೆಂದು ನಮ್ಮ ಗದ್ದೆಗಳಿಗೆ ನೀರು ಹಾಯಿಸುವವರೆಲ್ಲ ಬಲ್ಲರು. ಅಂದು ಕಟ್ಟಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತಿತ್ತು. ದತ್ತಿ, ಬಿರುದು, ವಂಶಾವಳಿ ಎಲ್ಲವೂ ಶಾಸನವಾಗುತ್ತಿದ್ದವು. ಅದೇ ಪಟ್ಟಣದಲ್ಲಿ ಲಕ್ಕಣ್ಣ ದಂಡೇಶನಂಥ ಅಧಿಕಾರಿಯೂ ಶಿವಭಕ್ತನೇ, ನೂರೊಂದು ವಿರಕ್ತರೂ ಶಿವಭಕ್ತರೇ. ಅಧಿಕಾರ ಮತ್ತು ವೈರಾಗ್ಯ ಒಂದೇ ಪಂಕ್ತಿಯಲ್ಲಿ ಕುಳಿತಾಗ ವಿರಕ್ತನಿಗೆ ಒಂದು ಅಂಜಿಕೆ ಹುಟ್ಟುವುದು ಸಹಜ: ಪುಣ್ಯಕಾರ್ಯವು ಪ್ರಭುತ್ವದ ಮುಖವಾಡವಾದರೆ? ಸೊನ್ನಲಿಗೆಯ ಕೆರೆಯ ಮೇಲೆ ಬಿದ್ದ ಮಾತು ಬಹುಶಃ ಹಂಪೆಯ ಕಾಲುವೆಗಳ ಮೇಲೆ ಬೀಳಬೇಕಾಗಿದ್ದ ಮಾತು. ಆಸ್ಥಾನದ ಸಮೀಪದಲ್ಲಿ ಕುಳಿತು ಅದನ್ನು ನೇರವಾಗಿ ಆಡುವಂತಿರಲಿಲ್ಲ.

ಈ ಮಾತನ್ನು ಹೇಳುವಾಗ ನಮ್ಮ ಜಿಲ್ಲೆಯ ಇನ್ನೊಂದು ನೆನಪು ಅಡ್ಡಬರುತ್ತದೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಅಂದಿನ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ ತೀರ ಬಳಲಿತು. ಪರಿಹಾರಕಾರ್ಯವೆಂದು ಜನರಿಂದ ಕೆರೆ ತೋಡಿಸಿದರು, ಕಲ್ಲು ಒಡೆಸಿದರು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. ಅದೂ ಕೆರೆಯೇ, ಇದೂ ಕೆರೆಯೇ. ಲೆಕ್ಕದ ಪುಸ್ತಕದಲ್ಲಿ ತೋಡಿದ ಮಣ್ಣಿನ ಅಳತೆ ಒಂದೇ. ಮಲ್ಲಯ್ಯನಿಗೆ ಅನ್ನ ಹೊತ್ತು ಓಡಿದವನ ಕೆರೆಯಲ್ಲಿ ತೋಡುವವನ ಹಸಿವೂ ಲೆಕ್ಕಕ್ಕೆ ಬರುತ್ತದೆ. ಆ ಇನ್ನೊಂದು ಕೆರೆಯಲ್ಲಿ ಬರಲಿಲ್ಲ. ಸೇವೆಗೆ ಭಕ್ತಿಯ ಮೂಲ ಬೇಕೆಂದು ನಮ್ಮ ಹಿರಿಯರು ಹಟಹಿಡಿದುದರ ಅರ್ಥ ನಮಗೆ ಸ್ಪಷ್ಟವಾದದ್ದು ಯಾವ ವೇದಾಂತಗ್ರಂಥದಿಂದಲೂ ಅಲ್ಲ, ಆ ಬರದ ಚರಿತ್ರೆಯಿಂದ.

ಹಾಗೆಯೇ 2024ರ ಆಗಸ್ಟ್ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್‌ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದು ವಾಚಕರ ನೆನಪಿನಲ್ಲಿ ಹಸಿಯಾಗಿದೆ. ಸಿರುಗುಪ್ಪದಿಂದ ಕರ್ನೂಲಿನವರೆಗೆ ರೈತರು ಎದೆಬಡಿದುಕೊಂಡರು. ಒಂದು ವಾರದೊಳಗೆ, ನೀರು ರಭಸದಿಂದ ಧುಮುಕುತ್ತಿರುವಾಗಲೇ, ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯನ್ನು ಮುಚ್ಚಿದರು. ತಂತ್ರಜ್ಞರ ಹೆಸರು ಪತ್ರಿಕೆಗಳಲ್ಲಿ ಬಂದಿತು, ಬರತಕ್ಕದ್ದೇ. ಆ ನೀರಿನ ಮೇಲೆ ಜೋತುಬಿದ್ದು ಕೆಲಸ ಮಾಡಿದ ಕೂಲಿಯಾಳುಗಳ ಹೆಸರು ನಮಗಾರಿಗೂ ಗೊತ್ತಿಲ್ಲ. ಪ್ರಭುಗಳು ಅಂದು ಅಲ್ಲಿಗೆ ಬಂದು ಒಡ್ಡನಾರೆಂದು ಕೇಳಿದ್ದರೆ ಯಾರೂ ಕಲ್ಲೆಸೆಯುತ್ತಿರಲಿಲ್ಲ. ಎಲ್ಲರ ಕೈಗಳೂ ಕೆಲಸದಲ್ಲಿದ್ದವು.

ಈಗ ಸೊನ್ನಲಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಹೋಗೋಣ. ರೈತರ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ ಎಂದು ನಮಗೆ ತೋರುತ್ತದೆ. ಶೂನ್ಯಸಂಪಾದನೆಯನ್ನು ಬಿಡಿ ಪ್ರಸಂಗಗಳಾಗಿ ಓದುವ ರೂಢಿಯಿಂದ ಅದರ ಕ್ರಮ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸೊನ್ನಲಿಗೆಯ ಪ್ರಸಂಗವಾದ ಮೇಲೆ ಪ್ರಭುಗಳು ಸಿದ್ಧರಾಮನೊಡನೆ ಬಂದು ನಿಲ್ಲುವುದು ಬಸವಣ್ಣನವರ ಮಹಾಮನೆಯ ಬಾಗಿಲಲ್ಲಿ. ಬಸವಣ್ಣನವರು ಆಗ ಲಿಂಗಪೂಜೆಯಲ್ಲಿದ್ದಾರೆ. ತಾವು ಏಳದೆ ಹಡಪದ ಅಪ್ಪಣ್ಣನವರನ್ನು ಕಳುಹಿಸುತ್ತಾರೆ. ಪ್ರಭುಗಳು ಒಳಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತ ಜಂಗಮವನ್ನು ಬಿಟ್ಟು ಒಳಗೆ ಮಾಡುವ ಪೂಜೆ ಯಾವ ಪೂಜೆಯೆಂದು ಚೆನ್ನಬಸವಣ್ಣನವರು ತಮ್ಮ ಸೋದರಮಾವನನ್ನೇ ಎಚ್ಚರಿಸುತ್ತಾರೆ. ಆಗ ಬಸವಣ್ಣನವರು ಎದ್ದು ಬರುತ್ತಾರೆ.

ಸಂಪಾದನಕಾರರು ಈ ಎರಡು ಪ್ರಸಂಗಗಳನ್ನು ಬೆನ್ನುಬೆನ್ನಿಗೆ ಇಟ್ಟುದು ಆಕಸ್ಮಿಕವಲ್ಲ. ಸೊನ್ನಲಿಗೆಯಲ್ಲಿ ಕೆಲಸದ ಮಧ್ಯೆ ಲಿಂಗವನ್ನು ಮರೆತವನಿಗೆ ಪೆಟ್ಟು ಬಿತ್ತು. ಕಲ್ಯಾಣದಲ್ಲಿ ಲಿಂಗದ ಮಧ್ಯೆ ಬಾಗಿಲಿಗೆ ಬಂದವನನ್ನು ಮರೆತವನಿಗೆ ಪೆಟ್ಟು ಬಿತ್ತು. ಅವನು ಬೇರೆ ಯಾರೂ ಅಲ್ಲ, ಭಕ್ತಿಭಂಡಾರಿ ಬಸವಣ್ಣ. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗಿದರೆ ಸೇವೆ ಕೀಳು, ಪೂಜೆ ಮೇಲು ಎಂಬ ಅಪಾರ್ಥ ಹುಟ್ಟುತ್ತದೆ. ಪೂಜೆಯವರಿಗೆ ಪ್ರಿಯವಾದ ಅಪಾರ್ಥ. ಪ್ರವಚನಪೀಠದಲ್ಲಿ ಕುಳಿತು ಈ ಅಪಾರ್ಥವನ್ನು ಬಿತ್ತಿದವರಲ್ಲಿ ನಾವೂ ಒಬ್ಬರೆಂದು ಒಪ್ಪಿಕೊಳ್ಳಬೇಕು. ಕುರುಗೋಡಿನಲ್ಲಿ ಅಂದು ಪಾಠ ಸೊನ್ನಲಿಗೆಯಲ್ಲಿಯೇ ನಿಂತಿತು. ಮಹಾಮನೆಯ ಬಾಗಿಲು ಮರುದಿನಕ್ಕೆ ಉಳಿದಿತ್ತು. ಮರುದಿನ ಆ ರೈತರು ಬಂದಿರಲಿಲ್ಲ.

ಮೂರನೆಯ ಪ್ರಸಂಗವೊಂದಿದೆ, ನಮ್ಮ ದೃಷ್ಟಿಯಲ್ಲಿ ಶೂನ್ಯಸಂಪಾದನೆಯ ಅತ್ಯಂತ ಮೌನವಾದ ಭಾಗ. ಮರುಳಶಂಕರದೇವರು ದೂರದೇಶದಿಂದ ಕಲ್ಯಾಣಕ್ಕೆ ಬಂದು, ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರಿಗೂ ಅರಿವಾಗದಂತೆ ಇದ್ದವರು. ಅಷ್ಟು ಶರಣರು ದಿನವೂ ಉಂಡು ಎದ್ದ ಮನೆಯಲ್ಲಿ ಅವರನ್ನು ಗುರುತಿಸಿದವರಿಲ್ಲ. ಪ್ರಭುಗಳು ಬಂದೊಡನೆ ಕಂಡರು. ಸಿದ್ಧರಾಮನ ಕೆರೆ ಯೋಜನ ದೂರಕ್ಕೆ ಕಾಣುವಂಥದು. ಮರುಳಶಂಕರರ ಇರವು ಪಕ್ಕದವನಿಗೂ ಕಾಣದು. ಕಂಡ ಸೇವೆಯವನನ್ನು ಪ್ರಭು ಕೆಣಕಿದನು, ಕಾಣದ ಸೇವೆಯವನನ್ನು ಕರೆದು ನಿಲ್ಲಿಸಿದನು. ಬಸವಣ್ಣನವರಿಗೆ ಇದರಿಂದಾದ ನೋವನ್ನು ಸಂಪಾದನಕಾರರು ಮರೆಮಾಚಿಲ್ಲ. ತನ್ನ ಮನೆಯಲ್ಲಿಯೇ ಇದ್ದವನನ್ನು ತಾನು ಕಾಣದೆ ಹೋದೆನೆಂಬ ನೋವು, ಯಾವ ದಾಸೋಹದ ಮನೆಯ ಯಜಮಾನನಿಗೂ ತಟ್ಟಬೇಕಾದದ್ದು.

ಹೊರಗಿನ ಉದಾಹರಣೆಯೊಂದನ್ನು ಇಲ್ಲಿ ತರುವುದು ಅಪ್ರಸ್ತುತವಾಗದು. ಶ್ರೀ ರಾಮಕೃಷ್ಣ ಪರಮಹಂಸರ ಬಳಿಗೆ ಬಂದ ಶಂಭು ಮಲ್ಲಿಕನೆಂಬ ಧನಿಕ ಭಕ್ತನು ಆಸ್ಪತ್ರೆ, ಔಷಧಾಲಯಗಳನ್ನು ಕಟ್ಟಿಸುವ ಆಸೆಯನ್ನು ಹೇಳಿಕೊಂಡಾಗ, ದೇವರು ಎದುರಿಗೆ ಬಂದು ನಿಂತರೆ ನೀನು ಆಸ್ಪತ್ರೆಗಳನ್ನೇ ಕೇಳುವೆಯಾ ಎಂಬರ್ಥದ ಮಾತನ್ನು ಅವರು ಆಡಿದರಂತೆ. ಸೊನ್ನಲಿಗೆಯ ಪ್ರಭುವಿನ ಮಾತಿಗೂ ಇದಕ್ಕೂ ಕೂದಲೆಳೆಯ ಅಂತರ. ಆದರೆ ಅದೇ ಗುರುವಿನ ಶಿಷ್ಯರು 1897ರಲ್ಲಿ ಸ್ಥಾಪಿಸಿದ ಸಂಸ್ಥೆ ದೇಶದ ಉದ್ದಗಲಕ್ಕೂ ಆಸ್ಪತ್ರೆಗಳನ್ನೇ ಕಟ್ಟಿತು. ಗುರುವಿನ ಮಾತನ್ನು ವಿವೇಕಾನಂದರು ಮೀರಿದರೇ? ಇಲ್ಲ, ಮಲ್ಲಿಕನು ಕಟ್ಟಡವನ್ನು ಕಂಡಿದ್ದನು, ವಿವೇಕಾನಂದರು ರೋಗಿಯಲ್ಲಿ ನಾರಾಯಣನನ್ನು ಕಂಡರು.

ಭಗವದ್ಗೀತೆಯ ಕರ್ಮಯೋಗಕ್ಕೂ ಶರಣರ ಕಾಯಕಕ್ಕೂ ಸಮೀಕರಣ ಹಾಕುವುದು ಇಂದಿನ ಉಪನ್ಯಾಸಕರಿಗೆ ಸುಲಭದ ಕೆಲಸವಾಗಿದೆ. ನಾವು ಒಪ್ಪುವುದಿಲ್ಲ. ಗೀತೆ ಫಲದ ಆಸೆಯನ್ನು ಬಿಡೆನ್ನುತ್ತದೆ. ಕಾಯಕ ಮಾಡುವ ಶರಣನು ಫಲವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಎಣಿಸಿಯೇ ತೆಗೆದುಕೊಳ್ಳುತ್ತಾನೆ, ಬಳಿಕ ದಾಸೋಹಕ್ಕೆ ಇಡುತ್ತಾನೆ. ಇಲ್ಲಿ ಆಸೆಯ ತ್ಯಾಗಕ್ಕಿಂತ ಅಳತೆಯ ಪ್ರಶ್ನೆ ದೊಡ್ಡದು. ನದಿಯಾಚೆಯ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯ ಮರ್ಮ ಇದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ದಾಸೋಹಕ್ಕೆ ಹೆಚ್ಚಾದರೆ ಒಳ್ಳೆಯದಲ್ಲವೇ? ಲಕ್ಕಮ್ಮನಿಗೆ ಅಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದಳು. ತನಗಾಗಿ ಕೂಡಿಡುವುದು ತಪ್ಪೆಂದು ಎಲ್ಲ ಧರ್ಮಗಳೂ ಹೇಳಿವೆ. ದಾಸೋಹಕ್ಕಾಗಿಯೂ ಕೂಡಿಡಬಾರದೆಂದು ಹೇಳಿದ ಧ್ವನಿ ಇವಳದು. ಪ್ರಭುವಿನ ಮಾತು ಕೇಳುತ್ತ ಮೈಮರೆತ ಗಂಡನಿಗೆ ಕಾಯಕ ನಿಂತಿತೆಂದು ನೆನಪಿಸಿದವಳೂ ಇವಳೇ. ಅಂದರೆ ಅನುಭಾವದ ಹೆಸರಿನಲ್ಲಿ ಸೋಮಾರಿತನ ಕೂಡದು, ಸೇವೆಯ ಹೆಸರಿನಲ್ಲಿ ಸಂಗ್ರಹವೂ ಕೂಡದು. ಕಾಯಕವನ್ನೂ ಕೈಲಾಸವನ್ನೂ ಒಂದೆನ್ನುವ ಮಾರಯ್ಯನ ಮಾತನ್ನು ಎಲ್ಲ ಶಾಲೆಗಳ ಗೋಡೆಗಳ ಮೇಲೆ ಬರೆಸಿದ್ದೇವೆ. ಲಕ್ಕಮ್ಮನ ಮಾತನ್ನು ಯಾವ ಮಠದ ಉಗ್ರಾಣದ ಬಾಗಿಲ ಮೇಲಾದರೂ ಬರೆಸಿದ್ದನ್ನು ನಾವು ಕಂಡಿಲ್ಲ.

ಹೀಗೆ ಹೇಳುವಾಗ ನಮ್ಮ ಮನೆಯ ಮಾತನ್ನು ಬಿಡಲಾಗದು. ಬಳ್ಳಾರಿಯಲ್ಲಿ 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿದಾಗಿನಿಂದ ಅಕ್ಷರದಾಸೋಹವು ನಮ್ಮ ಸೀಮೆಯಲ್ಲಿ ಬೇರೂರಿದೆ. ಊರೂರಿಗೆ ಪ್ರಸಾದನಿಲಯಗಳಾದವು. ಅವುಗಳಲ್ಲಿ ಉಂಡು ಓದಿದವರು ಈ ಪತ್ರಿಕೆಯ ಓದುಗರಲ್ಲಿ ಹಲವರಿದ್ದಾರೆ. ಇವೆಲ್ಲ ಸಿದ್ಧರಾಮನ ಕೆರೆಗಳೇ. ಆದರೆ ಒಮ್ಮೆ ನಾವೇ ಮುಂದೆ ನಿಂತು ಕಟ್ಟಿಸಿದ ಊಟದ ಸಭಾಂಗಣವೊಂದರಲ್ಲಿ ಗೋಡೆಯ ಕಲ್ಲುಗಳಲ್ಲಿ ದಾನಿಗಳ ಹೆಸರುಗಳು ತುಂಬಿ, ಕೊನೆಗೆ ಅನ್ನದ ತಟ್ಟೆಗಳ ಮೇಲೂ ಹೆಸರು ಕೊರೆದುದನ್ನು ಕಂಡೆವು. ಮೊತ್ತಕ್ಕೆ ತಕ್ಕಂತೆ ಅಕ್ಷರದ ಗಾತ್ರವನ್ನು ಗೊತ್ತುಮಾಡಿದ ಸಭೆಯಲ್ಲಿ ನಾವೂ ಕುಳಿತಿದ್ದೆವು, ಬೇಡವೆನ್ನಲಿಲ್ಲ. ಹಣ ಕೂಡಬೇಕಾಗಿತ್ತು. ಆ ಸಭಾಂಗಣದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುತ್ತಿದ್ದ ಹೆಣ್ಣುಮಗಳ ಹೆಸರು ಯಾವ ಕಲ್ಲಿನಲ್ಲಿಯೂ ಇರಲಿಲ್ಲ. ಅವಳು ಕೇಳಲೂ ಇಲ್ಲ. ಪ್ರಭುಗಳು ಆ ದಿನ ಬಂದಿದ್ದರೆ ನೇರವಾಗಿ ಅಡಿಗೆಮನೆಗೆ ಹೋಗುತ್ತಿದ್ದರೇ ಹೊರತು ಪೀಠದ ಕಡೆಗೆ ಬರುತ್ತಿರಲಿಲ್ಲ ಎಂಬ ಅಳುಕು ನಮಗೆ ಇಂದಿಗೂ ಇದೆ. ತುಮಕೂರಿನ ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ನಸುಕಿನ ಇಷ್ಟಲಿಂಗಪೂಜೆಯನ್ನೂ ಸಾವಿರಾರು ಮಕ್ಕಳ ಊಟವನ್ನೂ ಒಂದೇ ವ್ರತವೆಂಬಂತೆ ನಡೆಸಿದರು. ಅವರ ಹೆಸರನ್ನು ಎತ್ತಿಕೊಂಡು ನಮ್ಮ ಕಲ್ಲುಗಳನ್ನು ಸಮರ್ಥಿಸಿಕೊಳ್ಳುವ ಧೈರ್ಯ ನಮಗಿಲ್ಲ.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಕೆರೆ ತೋಡುವವನೆಂದು ಹಂಗಿಸಿಕೊಂಡ ಸಿದ್ಧರಾಮನನ್ನು ನಮ್ಮ ಪರಂಪರೆ ಎಲ್ಲಿ ಕೂಡಿಸಿತು? ಶೂನ್ಯಪೀಠದ ಮೇಲೆ. ಅಲ್ಲಮಪ್ರಭುಗಳ ಬಳಿಕ ಚೆನ್ನಬಸವಣ್ಣನವರು, ಅವರ ಬಳಿಕ ಸಿದ್ಧರಾಮರು. ಸೇವೆಯನ್ನು ಪ್ರಭುಗಳು ತಿರಸ್ಕರಿಸಿದ್ದರೆ ಆ ಪೀಠ ಗುದ್ದಲಿ ಹಿಡಿದ ಕೈಗೆ ಬರುತ್ತಿರಲಿಲ್ಲ. ಕಲ್ಯಾಣದ ಕ್ಷೋಭೆಯ ಅನಂತರ ಸಿದ್ಧರಾಮರು ಮರಳಿದ್ದೂ ಸೊನ್ನಲಿಗೆಗೇ, ಆ ಕೆರೆಗೇ. ಇಂದಿನ ಸೋಲಾಪುರದಲ್ಲಿ ನೀರಿನ ನಡುವೆ ಅವರ ಗುಡಿಯಿದೆ. ಸಂಕ್ರಾಂತಿಗೆ ನಂದಿಧ್ವಜಗಳು ಅರುವತ್ತೆಂಟು ಲಿಂಗಗಳನ್ನು ಸುತ್ತಿ ಬರುತ್ತವೆ. ಆ ಊರಿನ ಕನ್ನಡತಿ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಕಥೆಯನ್ನು ಮತ್ತೆ ಹೇಳಲು ಹೊರಟಾಗ ಶಟ್ಪದಿಗಳನ್ನು ಬಿಟ್ಟು, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ತ್ರಿಪದಿಯನ್ನು ಆರಿಸಿಕೊಂಡರು. ಚಾಮರಸನು ಏರಿಯ ಮೇಲೆ ಬಿಟ್ಟುಬಂದವರ ಕಡೆಗೆ ಕಾವ್ಯ ಮರಳಿದ್ದು ಆಗಲೇ ಎಂದು ನಮಗೆ ಅನ್ನಿಸುತ್ತದೆ.

ಪುರಾಣ ಮಂಗಳದ ದಿನ ಆ ರೈತರು ಮತ್ತೆ ಕಂಡರು. ಮಹಾಮನೆಯ ಬಾಗಿಲಿನ ಪ್ರಸಂಗವನ್ನು, ಲಕ್ಕಮ್ಮನ ಅಕ್ಕಿಯ ಮಾತನ್ನು ಅವರಿಗೆ ನಿಂತ ನಿಲುವಿನಲ್ಲಿಯೇ ಹೇಳಿದೆವು. ಗಮನವಿಟ್ಟು ಕೇಳಿದರು. “ಹಂಗಾದರೆ ಎರಡು ಚೀಲ ಹೆಚ್ಚಾಯಿತೇನು ಬುದ್ಧಿ?” ಎಂದು 

ಕೇಳಿ, ನಮ್ಮ ಉತ್ತರಕ್ಕೆ ಕಾಯದೆ ನಕ್ಕು, ನಮಸ್ಕರಿಸಿ ಲಗುಬಗೆಯಿಂದ ಹೊರಟರು. ಪ್ರಸಾದಕ್ಕೆ ನಿಲ್ಲಿರೆಂದರೆ ನಿಲ್ಲಲಿಲ್ಲ. ಆ ರಾತ್ರಿ ಅವರ ಗದ್ದೆಗೆ ಕಾಲುವೆಯ ನೀರಿನ ಸರದಿಯಿತ್ತು.